ಆರಿಸುವುದು

ಕಲಬುರಗಿ ಗಂಜಿನ ಹಿಂದಿನ ಓಣಿಯಲ್ಲಿ ನನ್ನ ಝೆರಾಕ್ಸ್ ಅಂಗಡಿ.
ಎದುರಿಗೆ ದಾಲ್ ಮಿಲ್ಲು.
ಸಂಕ್ರಮಣ ಹತ್ತಿರ ಬಂದರೆ ಸಾಕು, ತೊಗರಿಯ ಧೂಳಿಗೆ
ನನ್ನ ಗಾಜೂ ಹಳದಿ,
ಗಾಜಿನ ಮೇಲೆ ಮಲಗಿಸಿದ ಆಧಾರ್ ಕಾರ್ಡಿನ ಮುಖಗಳೂ.

ಇಪ್ಪತ್ತೆರಡು ವರ್ಷ ಜಗದೇವಿ ಅಲ್ಲಿ ಬ್ಯಾಳಿ ಆರಿಸಿದಳು.
ಮೊರ ಒಂದು ಸಲ ಕೊಡವಿದರೆ
ಹಳ್ಳು ತಾನಾಗಿ ಅಂಚಿಗೆ ಬಂದು ತಪ್ಪೊಪ್ಪಿಕೊಳ್ಳುತ್ತಿತ್ತು.

ದೀಪಾವಳಿಗೆ ಯಂತ್ರ ಬಂತು.
ಜಾರುವ ಒಂದೊಂದು ಕಾಳಿಗೂ ಒಂದೊಂದು ಫೋಟೊ,
ಬಣ್ಣ ಒಪ್ಪದಿದ್ದರೆ ಫಟ್ ಅಂತ ಗಾಳಿ,
ಕಾಳು ಪಕ್ಕದ ಡಬ್ಬಿಯಲ್ಲಿ.
ಬಸವಂತರಾಯ ಸಾಹುಕಾರರು ಅದಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ
ಹನ್ನೊಂದು ಹೆಂಗಸರಿಗೆ ಸೀರೆ ಕೊಟ್ಟು ಕಳಿಸಿದರು.
ಸೀರೆ ಚಲೋ ಇದ್ದವು. ಅದನ್ನೂ ಹೇಳಬೇಕು.

"ಹುಮನಾಬಾದ್ ರೋಡಿನ ಹೊಸಾ ಗೋದಾಮಿಗೆ ಮಂದಿ ಬೇಕಂತ್ರಿ,
ಅರ್ಜಿ ಫೋನಿನಾಗೇ ಅಂತ."
ಬಯೋಡಾಟಾ ಟೈಪ್ ಮಾಡಿದೆ. ವಿದ್ಯಾರ್ಹತೆ: ಏಳನೇ ಪಾಸು.
ಅನುಭವ?
"ಕಣ್ಣು ಅಂತ ಬರೀರಿ" ಅಂದಳು.
ನಾನು ಬರೆದದ್ದು: ಕ್ವಾಲಿಟಿ ಕಂಟ್ರೋಲ್.
ಬೇರೆಯವರ ಬದುಕಿಗೆ ಇಸ್ತ್ರಿ ಹೊಡೆದೇ ನನ್ನ ಮನೆ ನಡೆದದ್ದು.
ಈಗ ಹುಡುಗರು ಫೋನಿಗೆ ಹೇಳುತ್ತಾರೆ, ಅದೇ ಬರೆದುಕೊಡುತ್ತದೆ;
ಅತ್ತ ಕಡೆ ಓದುವುದೂ ಇನ್ನೊಂದು ಯಂತ್ರ.
ನಡುವೆ ನಾನು, ಪುಟಕ್ಕೆ ಎರಡು ರೂಪಾಯಿ.

ಸಂದರ್ಶನ ನನ್ನ ಅಂಗಡಿಯಲ್ಲೇ ಆಯಿತು,
ಸ್ಟೇಪ್ಲರಿಗೆ ಒರಗಿಸಿಟ್ಟ ಫೋನಿನಲ್ಲಿ.
ಹೆಣ್ಣಿನ ದನಿ, ಹೆಣ್ಣು ಇಲ್ಲ:
"ತಮ್ಮ ಸಾಮರ್ಥ್ಯಗಳ ಕುರಿತು ತಿಳಿಸಿ."
ಜಗದೇವಿ ಸೆರಗು ಸರಿ ಮಾಡಿಕೊಂಡಳು.
"ಏನ್ ಹೇಳ್ಲಿ ಯವ್ವಾ, ನುಚ್ಚು ಬ್ಯಾರೆ, ಹಳ್ಳು ಬ್ಯಾರೆ,
ಹುಳ ಹತ್ತಿದ್ದು ಕೈಗೇ ಗೊತ್ತಾಗ್ತದ."
"ಕ್ಷಮಿಸಿ, ಅರ್ಥವಾಗಲಿಲ್ಲ."
ಮೂರನೇ ಸಲ ಆಕೆ ರೇಡಿಯೋದವರ ಹಾಗೆ
"ನಾನು ಬೇಳೆಯನ್ನು ಆರಿಸುತ್ತೇನೆ" ಅಂದಳು,
ಅಂದು ತಾನೇ ನಾಚಿದಳು.
ನಾಲ್ಕು ನಿಮಿಷಕ್ಕೆ ಉತ್ತರ: ತಾವು ಆಯ್ಕೆಯಾಗಿಲ್ಲ.
ಫಟ್.

ಆ ವರ್ಷ ರಾಶಿ ಹೊತ್ತಿಗೆ ಮಳೆ. ಕಾಳೆಲ್ಲ ಮಾಸಲು.
ಯಂತ್ರ ಒಳ್ಳೆಯದನ್ನೂ ಊದಿ ಊದಿ ಬಿಸಾಡಿತು.
ಮಿಲ್ಲಿನ ಆಪರೇಟರ್ ಮೊಹಸೀನ್, ಡಿಪ್ಲೊಮಾ ಹುಡುಗ,
ಲ್ಯಾಪ್‌ಟಾಪ್ ಅವಚಿಕೊಂಡು ಬಂದ: "ಜಗದೇವಕ್ಕ ಎಲ್ಲಿ?"

ಒಂಬತ್ತು ದಿನ, ದಿನಕ್ಕೆ ಆರುನೂರು,
ನನ್ನ ಬೆಂಚಿನ ಮೇಲೆ ಕೂತು ಆಕೆ ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಿದಳು.
"ಇದು?" "ಬ್ಯಾಳಿ."
"ಇದು?" "ಇದೂ ಬ್ಯಾಳೀನೇ. ಮಳ್ಯಾಗ ನೆನದದ, ಅಷ್ಟ. ಕುದಸಿ ನೋಡು."
"ಇದು?" "ಹಳ್ಳು. ಅದು ಮಿಂಚೋ ರೀತೀನೇ ಬ್ಯಾರೆ."
ಹತ್ತನೇ ದಿನ ಮೊಹಸೀನ್ ಅಂದ, ಸಾಕಕ್ಕಾ, ಕಲೀತು.
"ಅಂದ್ರ ನನ್ನ ಕಣ್ಣು ಅದಕ್ಕ ಬಂತು?"
"ಬಂತು."
"ಹಂಗಾರ ಚಾಳೀಸೂ ಬರ್ತದ ತಗೋ."

ಅಂದಿನಿಂದ ನನಗೊಂದು ಮಾತು ಹಲ್ಲಿಗೆ ಸಿಕ್ಕ ಹಾಗೆ.
ಬ್ಯಾಳಿ ಆರಿಸಿದರೆ ಕೈಗೆ ಬಂದದ್ದು ಹೊರಗೆ,
ಮಂದಿ ಆರಿಸಿದರೆ ಕೈಗೆ ಬಂದದ್ದು ಒಳಗೆ.
ಒಂದೇ ಮಾತು, ಎರಡು ಬುಟ್ಟಿ.
ಯಾವ ಬುಟ್ಟಿ ಯಾವುದು ಅಂತ
ಕಾಳಿಗೆ ಯಾರು ಹೇಳುತ್ತಾರೆ?

ಯಂತ್ರ ಬಿಸಾಡಿದ್ದನ್ನು ಈಗ ಜಗದೇವಿ ಅರ್ಧ ದರಕ್ಕೆ ಕೊಳ್ಳುತ್ತಾಳೆ.
ಅದರಲ್ಲೂ ಬ್ಯಾಳಿ ಅದ, ಯಾವಾಗಲೂ ಇರ್ತದ ಅನ್ನುತ್ತಾಳೆ.
ನನ್ನ ಕಟ್ಟೆಯ ಮೇಲೆ ಮೊರ, ತಕ್ಕಡಿ,
ನಾನೇ ಲ್ಯಾಮಿನೇಟ್ ಮಾಡಿಕೊಟ್ಟ ಕ್ಯೂಆರ್ ಚೀಟಿ.
ನಿನ್ನೆ ಮೊದಲ ಸಲ ಆ ಪುಟ್ಟ ಡಬ್ಬಿ ಮಾತಾಡಿತು:
"ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ."
ಆಕೆಯ ಕೈ ನಿಂತಿತು.
"ಅವತ್ತಿನಾಕಿನೇ ಅಲ್ಲೇನ್ರಿ ಈಕಿ?"
ನನಗೂ ಹಾಗೇ ಕೇಳಿತ್ತು. ಹೇಳಲಿಲ್ಲ.
ಆಕೆ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿ,
ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ,
ಮತ್ತೆ ಮೊರ ಎತ್ತಿಕೊಂಡಳು.